ಲೆನ್ಸಿಗೆ ಅಡ್ಡ ಹಿಡಿದ ಕೈ

ಸಿನಿಮಾ ಮಂದಿರದಲ್ಲಿ ಎಲ್ಲರಿಗಿಂತ ಹೆಚ್ಚು ಸಿನಿಮಾ ನೋಡುವವನು ಆಪರೇಟರ್ ಎಂದು ಜನ ತಿಳಿದಿರುತ್ತಾರೆ. ಶುದ್ಧ ಸುಳ್ಳು. ಅವನು ನೋಡುವುದು ಚಿತ್ರ ಮಸುಕಾಯಿತೇ, ಮಾತು ತುಟಿಗೆ ಸರಿಯಾಗಿ ಕೂತಿದೆಯೇ, ಯಂತ್ರ ಕಾದುಹೋಯಿತೇ ಎಂಬುದನ್ನು. ನಾಯಕ ಸತ್ತರೆಷ್ಟು, ಬದುಕಿದರೆಷ್ಟು? ನಮ್ಮ ಆಪರೇಟರಂತೂ ಈ ವಿಷಯದಲ್ಲಿ ಒಂದು ಕೈ ಮೇಲೆ. ಊರೆಲ್ಲ ಅತ್ತು ಕರೆದು ನೋಡಿದ ಸಿನಿಮಾ ಹೇಗಿದೆ ಎಂದು ಕೇಳಿದರೆ, ಬಲಗಡೆ ಸ್ಪೀಕರಿನ ಸದ್ದು ಸ್ವಲ್ಪ ಒಡೆಯುತ್ತದೆ ಎನ್ನುವ ಆಸಾಮಿ.

ಹಾಗಾಗಿ ತೀರಿಕೊಂಡ ಹೆಂಡತಿ ಪರದೆಯ ಮೇಲೆ ಬಂದು ಹೋದಾಗಲೂ ಅವನು ಕ್ಯಾಬಿನ್ನಿನ ಕಿಂಡಿಗೆ ಬೆನ್ನು ಹಾಕಿ ಯಂತ್ರದ ಧೂಳು ಒರೆಸುತ್ತಿದ್ದ. ಅವಳನ್ನು ಮೊದಲು ಕಂಡವನು ಟಾರ್ಚ್. ಟಾರ್ಚ್ ಎಂದರೆ ಆ ಮಂದಿರದ ಗೇಟಿನವನು. ಟಿಕೆಟ್ ಹರಿದು, ಕತ್ತಲಲ್ಲಿ ಟಾರ್ಚ್ ಬಿಟ್ಟು ಜನರನ್ನು ಕೂರಿಸಿ ಕೂರಿಸಿ, ಅವನ ನಿಜವಾದ ಹೆಸರು ಅವನಿಗೇ ಮರೆತುಹೋಗುವಷ್ಟು ಕಾಲವಾಗಿತ್ತು. ಅವನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಅಕ್ಕ ಪರದೆ ಮೇಲೆ ಬಂದಿದ್ದಳು ಎಂದ. ಬೆಳಿಗ್ಗೆಯೇ ಏರಿಸಿಕೊಂಡು ಬಂದಿದ್ದಾನೆ ಎಂದುಕೊಂಡು ಆಪರೇಟರ್ ಅವನ ಬಾಯಿಯ ಹತ್ತಿರ ಮೂಗು ತಂದು ನೋಡಿದ. ವಾಸನೆ ಇರಲಿಲ್ಲ.

ಮ್ಯಾಟ್ನಿಗೆ ಆಪರೇಟರ್ ಕಿಂಡಿ ಬಿಟ್ಟು ಅಲುಗಲಿಲ್ಲ. ಹೊಸ ಹಾಸ್ಯದ ಸಿನಿಮಾ, ಮಂದಿರ ತುಂಬಿತ್ತು. ಒಂದು ಕಡೆ ನಾಯಕ ಸೋಫಾದ ಮೇಲೆ ಅಡ್ಡಾಗಿ ಫೋನು ನೋಡುತ್ತಿರುತ್ತಾನೆ. ಆ ಫೋನೇ ಪರದೆ ತುಂಬ ದೊಡ್ಡದಾಗುತ್ತದೆ. ಅದರೊಳಗೆ ಒಂದು ಇಕ್ಕಟ್ಟಾದ ಅಡುಗೆಮನೆ. ಮೊಣಕಾಲಿನವರೆಗೆ ಇಳಿಬಿದ್ದ ಖಾಕಿ ಅಂಗಿ ತೊಟ್ಟು, ತಲೆಗೆ ಸ್ಟೀಲಿನ ಬಟ್ಟಲು ಕವುಚಿಕೊಂಡು, ಕೈಯಲ್ಲಿ ಸೌಟು ಹಿಡಿದ ಒಬ್ಬಳು ಹೆಂಗಸು. ಆಟಕ್ಕೆ ಹೊತ್ತಾದ ಗಂಡ ಚಪ್ಪಲಿ ಹುಡುಕುವುದನ್ನು ಅವಳು ಆಡಿ ತೋರಿಸುತ್ತಿದ್ದಾಳೆ. ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದಿಲ್ಲ. ಬಗ್ಗಿ ಒಲೆಯ ಕೆಳಗೆ ನೋಡುತ್ತಾಳೆ. ಸಿಗದ ಚಪ್ಪಲಿಗೆ ಸೌಟು ತೋರಿಸಿ ಬೈಯುತ್ತಾಳೆ. ಬಟ್ಟಲು ಜಾರಿ ಮೂಗಿನ ಮೇಲೆ ಬೀಳುತ್ತದೆ.

ಅವನಿಗೆ ಮೊದಲು ಆದದ್ದು ಸಂತೋಷ. ಇದನ್ನು ಮುಚ್ಚಿಡಬಾರದು, ಏಕೆಂದರೆ ಮುಂದಿನ ಸಂಕಟವೆಲ್ಲ ಅದರಿಂದಲೇ ಹುಟ್ಟಿದ್ದು. ಕಿಂಡಿಯ ಅಂಚು ಹಿಡಿದುಕೊಂಡ. ಸಿಕ್ಕಿದಳಲ್ಲ ಎಂದುಕೊಂಡ. ಕಳೆದುಹೋದ ಮಗು ಸಂತೆಯಲ್ಲಿ ಸಿಕ್ಕಿದಾಗ ಆಗುವಂಥ ಸಂತೋಷ.

ಆಮೇಲೆ ಮಾತು ಬಂತು. ಅವಳದಲ್ಲ. ಅವಳ ಧ್ವನಿ ತೆಗೆದು ಅಲ್ಲಿ ಯಾವುದೋ ಪೀಪಿಯ ಸಂಗೀತ ತುಂಬಿದ್ದರು. ಮಾತಾಡಿದವನು ನಾಯಕ. ಹೆಬ್ಬೆರಳಿನಿಂದ ಅವಳ ಮುಖವನ್ನು ಮೇಲೆ ಕೆಳಗೆ ತಳ್ಳುತ್ತಾ, "ಈ ಹುಚ್ಚೀನ ಕಟ್ಕೊಂಡವನ ಗತಿ ಏನೋ ಪಾಪ" ಎಂದ. ಮಂದಿರ ಬಿದ್ದು ಬಿದ್ದು ನಕ್ಕಿತು.

ಕಟ್ಟಿಕೊಂಡವನು ಅವರ ತಲೆಯ ಮೇಲೆಯೇ, ಕಿಂಡಿಯ ಹಿಂದೆ ನಿಂತಿದ್ದ. ಅವನ ಬಲಗೈ ತಾನಾಗಿ ಲೆನ್ಸಿನ ಕಡೆ ಹೋಯಿತು. ಅದು ರೀಲಿನ ಕಾಲದ ಆಪರೇಟರುಗಳ ಅಭ್ಯಾಸ. ರೀಲು ಹರಿದರೆ, ಸುಟ್ಟರೆ, ತಲೆಕೆಳಗಾಗಿ ಓಡಿದರೆ, ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಅಂಗೈಯನ್ನು ಲೆನ್ಸಿಗೆ ಅಡ್ಡ ಹಿಡಿಯಬೇಕು. ಎಡವಟ್ಟು ಪರದೆಯ ಮೇಲೆ ಬೀಳಬಾರದು. ಈಗಿನ ಯಂತ್ರದಲ್ಲಿ ಹರಿಯುವುದಕ್ಕೆ ಏನೂ ಇಲ್ಲ, ಆದರೂ ಕೈಗೆ ಬುದ್ಧಿ ಬಂದಿರಲಿಲ್ಲ. ಲೆನ್ಸಿನ ಹತ್ತಿರ ಹೋದ ಆ ಕೈಯನ್ನು ಅವನೇ ಕೆಳಗಿಳಿಸಿದ. ಅಡ್ಡ ಹಿಡಿದರೆ ಅವಳೂ ಹೋಗುತ್ತಿದ್ದಳು.

ಅವಳು ಇದೇ ಮಂದಿರದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದವಳು. ಮುಂಗೈ ತೂರುವಷ್ಟು ಕಿಂಡಿಯ ಹಿಂದೆ ಕೂತು ಊರಿನ ಮುಖಗಳನ್ನೆಲ್ಲ ಓದಿ ಇಟ್ಟುಕೊಂಡಿದ್ದಳು. ರಾತ್ರಿ ಊಟಕ್ಕೆ ಕೂತಾಗ ಒಬ್ಬೊಬ್ಬರನ್ನೇ ತೆಗೆದು ತೋರಿಸುತ್ತಿದ್ದಳು: ಚಿಲ್ಲರೆಗೆ ಜಗಳ ತೆಗೆಯುವ ಮೇಷ್ಟ್ರು, ಬಾಲ್ಕನಿ ಟಿಕೆಟ್ಟೇ ಬೇಕೆಂದು ಹಟ ಹಿಡಿದು ಒಳಗೆ ಹೋಗಿ ಗೊರಕೆ ಹೊಡೆಯುವ ಸಾಹುಕಾರ. ಮನೆಯ ಹೊರಗೆ ಮಾತ್ರ ಬಾಯಿಗೆ ಬೀಗ. ನಾಲ್ಕು ಜನ ಸೇರಿದ ಕಡೆ ತಲೆ ಎತ್ತಿ ಮಾತಾಡಿದವಳಲ್ಲ. ಒಮ್ಮೆ ಮಂದಿರದ ಮಾಲೀಕರು ತಮ್ಮ ವಿಡಿಯೋ ಕ್ಯಾಮೆರಾವನ್ನು ಆಪರೇಟರನ ಮನೆಯಲ್ಲಿ ಇಟ್ಟುಹೋದಾಗ, ಇನ್ನೂ ಲಂಗ ತೊಡುತ್ತಿದ್ದ ಮಗಳು ಅದನ್ನು ಹಿಡಿದು ಅಮ್ಮನ ಬೆನ್ನು ಬಿದ್ದಳು. ಅವಳ ಚಪ್ಪಲಿಯ ಆಟ ಹಾಗೆ ಟೇಪಿನೊಳಗೆ ಹೋಯಿತು. ಆಟ ಮುಗಿಸಿ ಬಂದ ಆಪರೇಟರಿಗೆ ತಾಯಿ ಮಗಳು ಸೇರಿ ತೋರಿಸಿ, ನಕ್ಕು ನಕ್ಕು ಬಿಕ್ಕಳಿಕೆ ತಂದುಕೊಂಡಿದ್ದರು. ಅದಾದ ಕೆಲವೇ ವರ್ಷಗಳಲ್ಲಿ, ಜ್ವರ ಎಂದು ಮಲಗಿದವಳು ಮೇಲೆ ಏಳಲಿಲ್ಲ.

ಮಂದಿರಕ್ಕೆ ರೀಲು ಹೋಗಿ ಡಿಜಿಟಲ್ ಯಂತ್ರ ಬಂದಾಗ, ಅದನ್ನು ಜೋಡಿಸಲು ಬಂದ ಮೆಕ್ಯಾನಿಕ್ಕನ್ನು ಹಿಡಿದು ಆಪರೇಟರ್ ಆ ಟೇಪನ್ನು ಯಂತ್ರ ಓದುವ ಹಾಗೆ ಮಾಡಿಸಿಕೊಂಡ. ಬೂಸ್ಟು ಹಿಡಿದಿದ್ದ ಟೇಪು ಆ ಒಂದು ಸಲ ಓಡಿದ್ದೇ ಹೆಚ್ಚು, ತುಂಡಾಯಿತು. ಬೆಳಗಿನ ಆಟಕ್ಕೆ ಮೊದಲು ಖಾಲಿ ಮಂದಿರದಲ್ಲಿ ಏನಾದರೊಂದು ಓಡಿಸಿ ಬೆಳಕು, ಸದ್ದು ಸರಿಯಿದೆಯೇ ಎಂದು ನೋಡುವುದು ಈ ಕೆಲಸದ ಕ್ರಮ. ಬೇರೆಯವರು ಸಾಬೂನಿನ ಜಾಹೀರಾತು ಓಡಿಸುತ್ತಿದ್ದರು. ಇವನು ಹೆಂಡತಿಯನ್ನು. ದಿನವೂ ಬೆಳಿಗ್ಗೆ, ಖಾಲಿ ಕುರ್ಚಿಗಳ ಎದುರು, ಮನೆಯಷ್ಟೆತ್ತರದ ಅವಳು ಬಟ್ಟಲು ಹೊತ್ತು ಚಪ್ಪಲಿ ಹುಡುಕುತ್ತಿದ್ದಳು. ಟಾರ್ಚ್ ಒಬ್ಬನಿಗೆ ಇದು ಗೊತ್ತಿತ್ತು. ಆ ಹೊತ್ತಿನಲ್ಲಿ ಅವನು ಬಾಗಿಲಿನ ಹೊರಗೆ ಬೇಕೆಂದೇ ಜೋರಾಗಿ ಕಸ ಗುಡಿಸುತ್ತಾ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ.

ಎಡವಟ್ಟಾದದ್ದು ಜೋಪಾನ ಮಾಡಲು ಹೋಗಿ. ಯಂತ್ರದ ಹೊಟ್ಟೆ ತುಂಬಿದೆ, ಎಲ್ಲ ಅಳಿಸಬೇಕು ಎಂದು ಕಂಪನಿಯವರು ಬಂದಾಗ, ಅವಳು ಅಳಿಸಿಹೋದಾಳೆಂದು ಅಂದಿನ ಸಿನಿಮಾ ಬಂದಿದ್ದ ಡಿಸ್ಕಿನ ಖಾಲಿ ಜಾಗದಲ್ಲಿ ಅವಳನ್ನು ಇಟ್ಟ. ಯಂತ್ರ ತೊಳೆದು ಮುಗಿದ ಮೇಲೆ ವಾಪಸು ತೆಗೆದುಕೊಂಡರಾಯಿತು ಎಂದುಕೊಂಡ. ಆ ಸಿನಿಮಾ ನೆಲ ಕಚ್ಚಿತ್ತು. ಅವನು ಊಟಕ್ಕೆ ಹೋಗಿದ್ದಾಗ ವಿತರಕರ ಗಾಡಿ ಬಂದು ಡಿಸ್ಕಿನ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಯಿತು. ಬೆನ್ನ ಹಿಂದೆಯೇ ಅವರ ಆಫೀಸಿಗೆ ಹೋದ. ಈ ಮೇಜಿನಿಂದ ಆ ಮೇಜಿಗೆ ಕಳಿಸಿ, ಕೊನೆಗೆ, ಬಂದ ಡಿಸ್ಕು ಬಂದ ಹಾಗೇ ಅಳಿಸುತ್ತೇವೆ, ಹೋಗಪ್ಪ ಎಂದರು. ಮಗಳಿಗೆ ಹೇಳುವ ಧೈರ್ಯ ಬರಲಿಲ್ಲ. ಅಂದಿನಿಂದ ಅವನೂ ಸಾಬೂನಿನ ಜಾಹೀರಾತನ್ನೇ ಓಡಿಸುತ್ತಿದ್ದ.

ಮಗಳು ಈಗ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವಳು, ಗಂಡನ ಜೊತೆ ಬೇರೆ ಮನೆಯಲ್ಲಿದ್ದಳು. ಕೋಪ ಮೂಗಿನ ತುದಿಯಲ್ಲಿ. ಆ ತುಣುಕನ್ನು ಅವಳಿಗೆ ತೋರಿಸಿದ್ದು ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವಳು, ಅದೂ ಹೊಟ್ಟೆ ಹಿಡಿದು ನಗುತ್ತಾ. ಮಗಳು ಅರ್ಧ ದಿನದ ರಜೆ ಹಾಕಿ ನೇರ ಕ್ಯಾಬಿನ್ನಿಗೆ ಬಂದಳು. ಇದು ಅವರ ಕೈಗೆ ಹೇಗೆ ಹೋಯಿತು ಎಂದು ಕೇಳಿದಳು. ಉತ್ತರ ಹೊರಟಿದ್ದು ಮಾರನೆಯ ದಿನ, ವಕೀಲೆಯ ಎದುರು.

ವಕೀಲೆಯ ಆಫೀಸು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಕಕ್ಷಿಗಾರರು ತಮ್ಮ ದುಃಖ ಹೇಳಿಕೊಳ್ಳುವಾಗೆಲ್ಲ ಕೆಳಗಿನಿಂದ ಬನ್ನಿನ ವಾಸನೆ ಬಂದು ಹಸಿವಾಗುತ್ತಿತ್ತು. ವಕೀಲೆ ಕಡಿಮೆ ಮಾತಿನವರು. ಎಲ್ಲ ಕೇಳಿಸಿಕೊಂಡು, ತುಣುಕನ್ನು ನೀವೇ ಕೊಟ್ಟಿರಾ, ಡಿಸ್ಕಿನಲ್ಲಿ ಮರೆತಿರಾ ಎಂದರು. ಮರೆತೆ ಎಂದ ಆಪರೇಟರ್, ಮಗಳ ಮುಖ ನೋಡದೆ. ಒಬ್ಬರ ಮನೆಯಲ್ಲಿ ಛತ್ರಿ ಮರೆತು ಬಂದರೆ ಛತ್ರಿ ಅವರದಾಗುವುದಿಲ್ಲ, ಆ ಚಿಂತೆ ಬಿಡಿ ಎಂದರು ಅವರು.

ಆಮೇಲೆ ದಾರಿಗಳನ್ನು ಹೇಳಿದರು. ತೀರಿಹೋದವರ ಮಾನದ ಹೆಸರಿನಲ್ಲಿ ಕೋರ್ಟಿಗೆ ಹೋಗುವುದು ಕಷ್ಟದ ಕೆಲಸ. ಅವರ ಮರ್ಯಾದೆ ಅವರ ಜೊತೆಗೇ ಹೋಯಿತು ಎಂದು ಎದುರಿನವರು ವಾದ ಮಾಡುತ್ತಾರೆ. ಆದರೆ ಆ ಚಿತ್ರವನ್ನು ಯಾರು ತೆಗೆದರೋ ಅವರಿಗೆ ಅದರ ಮೇಲೆ ಹಕ್ಕಿದೆ. ಆ ಹಕ್ಕು ಹಿಡಿದುಕೊಂಡು ಮೊದಲು ನೋಟಿಸು ಕೊಡಬಹುದು. ಬಗ್ಗದಿದ್ದರೆ ಸಿನಿಮಾವನ್ನೇ ತಡೆಯಿರಿ ಎಂದು ಕೋರ್ಟನ್ನು ಕೇಳಬಹುದು. ಪರಿಹಾರ ಕೇಳಬಹುದು, ಕ್ಷಮೆ ಕೇಳಿಸಬಹುದು.

"ಸರಿ, ತೆಗೆದವರು ಯಾರು?" ಎಂದರು ವಕೀಲೆ.

"ನಾನು" ಎಂದಳು ಮಗಳು. "ಸ್ಟೂಲ್ ಮೇಲೆ ನಿಂತ್ಕೊಂಡು."

ಹಾಗಾದರೆ ಹಕ್ಕು ನಿಮ್ಮದೇ, ಆಗ ಎಷ್ಟು ಚಿಕ್ಕವರಾಗಿದ್ದರೂ ಸರಿ, ಏನು ಮಾಡಬೇಕೆಂದು ಹೇಳಬೇಕಾದವರೂ ನೀವೇ ಎಂದರು ವಕೀಲೆ. ಮೆಟ್ಟಿಲು ಇಳಿಯುವಾಗ ಮಗಳು, ಇಷ್ಟು ವರ್ಷ ನೀನೊಬ್ಬನೇ ಅಮ್ಮನನ್ನು ನೋಡುತ್ತಿದ್ದೆ, ಒಂದು ದಿನಕ್ಕಾದರೂ ನನ್ನನ್ನು ಕರೆಯಬೇಕು ಅನ್ನಿಸಲಿಲ್ಲವೇ ಎಂದಳು. ಕೋಪದಲ್ಲಿ ಕೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಮೆಲ್ಲಗೆ ಕೇಳಿದಳು.

ನೋಟಿಸು ಹೋಯಿತು. ಸಿನಿಮಾದವರು ಬೇಗನೆ ಬಗ್ಗಿದರು. ಚೆನ್ನಾಗಿ ಓಡುತ್ತಿದ್ದ ಸಿನಿಮಾ, ಕೋರ್ಟಿನ ತಂಟೆ ಅವರಿಗೂ ಬೇಡವಾಗಿತ್ತು. ಅವರ ಉತ್ತರವನ್ನು ವಕೀಲೆ ಓದಿ ಹೇಳಿದರು. ಆ ಸಿನಿಮಾ ಮಾಡಿದವನು ವಿತರಕರ ಅಣ್ಣನ ಮಗ. ಹಳೆಯ ಡಿಸ್ಕೊಂದರಲ್ಲಿ ಈ ತುಣುಕು ಸಿಕ್ಕಿತಂತೆ. ಯಾರದೂ ಅಲ್ಲ ಎಂದುಕೊಂಡರಂತೆ. ಅಡುಗೆಮನೆ ಇದ್ದ ಮೇಲೆ, ಹೆಂಗಸು ಇದ್ದ ಮೇಲೆ ಅದು ಯಾರದೂ ಅಲ್ಲದ್ದು ಹೇಗಾಗುತ್ತದೋ ದೇವರೇ ಬಲ್ಲ. ಮೂಲದ ತುಣುಕನ್ನು ಕೆಲಸ ಮುಗಿದ ಮೇಲೆ ಅಳಿಸಿಬಿಟ್ಟರು, ಅದರ ಜೊತೆ ಧ್ವನಿಯೂ ಹೋಯಿತು. ಈಗ ಉಳಿದಿರುವುದು ಸಿನಿಮಾದಲ್ಲಿ ಇರುವಷ್ಟೇ, ಪೀಪಿ ಮತ್ತು ಹೆಬ್ಬೆರಳಿನ ಸಮೇತ. ಅವರು ಎರಡು ದಾರಿ ತೋರಿಸಿದ್ದರು. ಒಂದು, ಆ ಭಾಗ ಕತ್ತರಿಸಿ, ಇರುವುದನ್ನೆಲ್ಲ ಅಳಿಸಿ, ಎಲ್ಲ ಮಂದಿರಗಳಿಗೂ ಹೊಸ ಡಿಸ್ಕು ಕಳಿಸುವುದು. ಇನ್ನೊಂದು, ಹಾಗೇ ಬಿಟ್ಟು, ನಾಯಕನ ಆ ಮಾತನ್ನಷ್ಟೇ ತೆಗೆದು, ಕೊನೆಯಲ್ಲಿ ಅವಳ ಹೆಸರು ಹಾಕಿ ಕೃತಜ್ಞತೆ ಹೇಳುವುದು, ಮನೆಯವರಿಗೆ ಒಂದಿಷ್ಟು ಪರಿಹಾರ ಕೊಡುವುದು.

ಕತ್ತರಿಸಲಿ ಎಂದಳು ಮಗಳು, ಉಸಿರು ಬಿಡುವ ಮೊದಲೇ. ಎರಡನೆಯದೂ ಕೆಟ್ಟದ್ದೇನಲ್ಲ ಎಂದ ಆಪರೇಟರ್.

ಮಗಳು ಅಪ್ಪನನ್ನು ಹೊಸಬನನ್ನು ನೋಡುವಂತೆ ನೋಡಿದಳು. ದುಡ್ಡಿಗೆ ಬಾಯಿ ಬಿಡುವವನಲ್ಲ ಎಂದು ಅವಳಿಗೆ ಗೊತ್ತಿತ್ತು, ಆದ್ದರಿಂದಲೇ ಅವನ ಮಾತು ಅರ್ಥವಾಗಲಿಲ್ಲ. ಊರು ಅಮ್ಮನನ್ನು ನೋಡಿ ನಗುವುದು ನಿನಗೆ ಇಷ್ಟವೇ ಎಂದು ಕೇಳಿದಳು. ಇಷ್ಟವಿರಲಿಲ್ಲ. ಆದರೂ ಪ್ರತಿ ಆಟದಲ್ಲೂ ಅವನು ಕಿಂಡಿಯಲ್ಲಿ ನಿಂತಿರುತ್ತಿದ್ದ. ಕತ್ತರಿಸಿದರೆ ಅವಳು ಇನ್ನೊಂದು ಸಲ ಸಾಯುತ್ತಾಳೆ, ಈ ಸಲ ನಾನೇ ಒಪ್ಪಿಗೆ ಕೊಟ್ಟು ಎಂದು ಅವನಿಗೆ ಹೇಳಬೇಕಾಗಿತ್ತು. ಅಷ್ಟರಲ್ಲಿ ಮಗಳು ಎದ್ದು ಹೋದಳು. ಹಕ್ಕು ಅವಳದೇ, ಸಹಿ ಹಾಕಿ ಮುಗಿಸಬಹುದಿತ್ತು. ಹಾಕಲಿಲ್ಲ. ಅಪ್ಪನಿಗೆ ಫೋನನ್ನೂ ಮಾಡಲಿಲ್ಲ.

ಮಧ್ಯದಲ್ಲಿ ಸಿಕ್ಕಿಬಿದ್ದವನು ಟಾರ್ಚ್. ಅವನು ಆಟ ಶುರುವಾಗುವ ಮೊದಲು ಜನರಿಗೆಲ್ಲ, ಆ ಹೆಂಗಸು ಬಂದಾಗ ನಗಬೇಡಿ ಎಂದು ಹೇಳಲು ಹೋಗಿ ಮ್ಯಾನೇಜರಿಂದ ಬೈಸಿಕೊಂಡ. ಹಾಗೆ ಹೇಳಿದ ಆಟದಲ್ಲಿ ಜನ ಇನ್ನೂ ಹೆಚ್ಚು ನಕ್ಕಿದ್ದರು.

ಒಂದು ಸಂಜೆ ಮಗಳು ಬಂದಳು. ಕ್ಯಾಬಿನ್ನಿಗಲ್ಲ, ಟಿಕೆಟ್ ತೆಗೆದುಕೊಂಡು ಕೆಳಗೆ, ಜನರ ನಡುವೆ ಕೂತಳು. ಟಾರ್ಚ್ ಮೇಲೆ ಬಂದು ಕಿವಿಯಲ್ಲಿ ಹೇಳಿ ಹೋದ. ಆಪರೇಟರ್ ಆ ಆಟದಲ್ಲಿ ಪರದೆ ನೋಡಲಿಲ್ಲ, ಮಗಳ ತಲೆಯನ್ನು ನೋಡಿದ. ಬಟ್ಟಲು ಜಾರಿತು, ಮಂದಿರ ನಕ್ಕಿತು, ಎಲ್ಲ ತಲೆಗಳೂ ಹಿಂದಕ್ಕೆ ವಾಲಿದವು. ಒಂದು ತಲೆ ಮಾತ್ರ ನೆಟ್ಟಗಿತ್ತು.

ಇಂಟರ್ವಲ್ಲಿನಲ್ಲಿ ಅವಳು ಮೆಟ್ಟಿಲು ಹತ್ತಿ ಬಂದು ಮುರುಕು ಸ್ಟೂಲಿನ ಮೇಲೆ ಕೂತಳು. ಬೈಗುಳಕ್ಕೆ ಮೈಯೊಡ್ಡಿ ನಿಂತಿದ್ದ ಆಪರೇಟರಿಗೆ ಬೈಗುಳ ಬೀಳಲಿಲ್ಲ.

"ಬಟ್ಟಲು ಬಿದ್ದ ಮೇಲೆ ಅಮ್ಮ ಕ್ಯಾಮೆರಾ ನೋಡಿ ಏನೋ ಹೇಳ್ತಾಳೆ. ಬಾಯಿ ಆಡುತ್ತೆ" ಎಂದಳು. "ನನಗೇ ಹೇಳಿದ್ದು. ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲಪ್ಪ. ಅವಳ ಧ್ವನೀನೇ ಮರೆತುಹೋಗಿದೆ. ನೀನು ದಿನಾ ಕೇಳಿದ್ದೀಯಲ್ಲ."

ಕೇಳಿದ್ದ. ವರ್ಷಗಟ್ಟಲೆ, ಬೆಳಗಿನ ಆಟಕ್ಕೆ ಮೊದಲು, ಸ್ಪೀಕರು ಒಡೆಯುತ್ತದೆಯೇ ಎಂದು ನೋಡಲು ಕೇಳುತ್ತಿದ್ದದ್ದೇ ಆ ಮಾತನ್ನು. ಆದ್ದರಿಂದಲೇ ಅದರ ಅರ್ಥದ ಕಡೆ ಗಮನ ಹೋಗಿರಲಿಲ್ಲ. ಸದ್ದು ಸರಿಯಿದೆ ಎಂದಷ್ಟೇ ಗೊತ್ತಾಗುತ್ತಿತ್ತು. ಈಗ ಹೇಳಲು ಬಾಯಿ ತೆರೆದಾಗ, ಅವಳು ಹೇಳುತ್ತಿದ್ದ ಹಾಗೇ ಎಳೆದು ಹೇಳಿದ.

"ಸಾಕು ನಿಲ್ಸೇ. ಇದನ್ನ ನಿಮ್ಮಪ್ಪನಿಗೆ ಬಿಟ್ಟು ಬೇರೆ ಯಾರಿಗೂ ತೋರಿಸ್ಬೇಡ."

ಹೇಳಿ ಮುಗಿಸಿದ ಮೇಲೆಯೇ ಆ ಮಾತು ಅವನಿಗೆ ಮೊದಲ ಸಲ ಅರ್ಥವಾದದ್ದು. ಕೆಳಗೆ ಜನ ಕುರುಕಲು ಕೊಂಡು ಒಳಗೆ ಬರುತ್ತಿದ್ದರು. ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಇಂಟರ್ವಲ್ ಮುಗಿದ ಗಂಟೆ ಹೊಡೆಯಿತು, ಅವನು ಯಂತ್ರ ಶುರು ಮಾಡಿ ಬಂದು ಮತ್ತೆ ಅವಳ ಪಕ್ಕದಲ್ಲಿ ನಿಂತ.

ವಕೀಲೆಯ ಹತ್ತಿರ ಹೋದಾಗ ಮಾತಾಡಿದವನು ಅವನೇ. ನಿಮ್ಮ ಹೆಂಡತಿ ಬದುಕಿದ್ದಾಗ ಯಾರಿಗಾದರೂ ಅನುಮತಿ ಕೊಟ್ಟಿದ್ದರೇ ಎಂದು ಅವರು ಮೊದಲ ದಿನವೇ ಕೇಳಿದ್ದರು, ಅವನು ಇಲ್ಲ ಎಂದಿದ್ದ.

"ಅವತ್ತು ತಪ್ಪು ಹೇಳಿದೆ ಮೇಡಂ" ಎಂದ. "ಅನುಮತಿ ಕೊಟ್ಟಿದ್ಲು. ನನಗೊಬ್ಬನಿಗೆ."

ಹಾಗಾದರೆ ಕತ್ತರಿಸಲಿ ಎಂದೇ ಬರೆಯುತ್ತೇನೆ ಎಂದರು ವಕೀಲೆ. ಕತ್ತರಿಸಿದ ಭಾಗವನ್ನು ಅವರು ಅಳಿಸುವ ಬದಲು ನಿಮಗೇ ಕೊಡಲಿ ಎಂದು ಕೇಳಬಹುದು, ಇಟ್ಟುಕೊಳ್ಳಿ ಎಂದರು. ಮಗಳು ಅಪ್ಪನ ಕಡೆ ನೋಡಿದಳು. ಈ ಒಂದನ್ನು ಅವನಿಗೇ ಬಿಟ್ಟಿದ್ದಳು. ಆ ನಾಯಕನ ಹೆಬ್ಬೆರಳಿನ ಕೆಳಗಿರುವವಳು ನನಗೆ ಬೇಡ, ಎಲ್ಲ ಅಳಿಸಲಿ ಎಂದ ಆಪರೇಟರ್. ಹೇಳುವಾಗ ಧ್ವನಿ ನೆಟ್ಟಗಿತ್ತು. ಬೇಕರಿಯ ಮುಂದೆ ಬಂದ ಮೇಲೆ ಮಗಳು ಬನ್ನು ಕೊಂಡು ಅರ್ಧ ಮುರಿದು ಕೊಟ್ಟಳು. ಇಬ್ಬರೂ ತಿನ್ನದೆ ಕೈಯಲ್ಲಿ ಹಿಡಿದುಕೊಂಡೇ ನಡೆದರು.

ಹೊಸ ಡಿಸ್ಕು ಬಂದದ್ದು ಒಂದು ಮಧ್ಯಾಹ್ನ, ಮ್ಯಾಟ್ನಿ ಶುರುವಾಗುವ ಹೊತ್ತಿಗೆ. ಸಂಜೆ ಆಟದಿಂದ ಅದನ್ನೇ ಹಾಕಬೇಕು, ಹಳೆಯದನ್ನು ಅದೇ ಗಾಡಿಯಲ್ಲಿ ವಾಪಸು ಕಳಿಸಬೇಕು ಎಂದಾಯಿತು. ಅವಳಿರುವ ಕೊನೆಯ ಆಟ ಆ ಮ್ಯಾಟ್ನಿ. ಮಗಳಿಗೆ ಫೋನು ಮಾಡಿದ. ಅವಳು ಅಂಗಡಿಯ ಕೋಟಿನಲ್ಲೇ ಓಡಿ ಬಂದಳು. ಟಾರ್ಚ್ ಕೂಡ ಗೇಟು ಬಿಟ್ಟು ಬಂದು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತ.

ನಾಯಕ ಸೋಫಾದ ಮೇಲೆ ಅಡ್ಡಾದ. ಫೋನು ತೆಗೆದ. ಆಪರೇಟರನ ಕೈ ತಾನಾಗಿ ಏಳಲಿಲ್ಲ ಈ ಸಲ, ಅವನೇ ಎತ್ತಿದ. ಫೋನು ದೊಡ್ಡದಾಗುವ ಹೊತ್ತಿಗೆ ಸರಿಯಾಗಿ, ಅಂಗೈಯನ್ನು ಲೆನ್ಸಿಗೆ ಅಡ್ಡ ಹಿಡಿದ.

ಪರದೆ ಕತ್ತಲಾಯಿತು. ಪೀಪಿಯ ಸಂಗೀತ, ನಾಯಕನ ಮಾತು ಮಾತ್ರ ಉಳಿದವು. ಒಂದು ಗಳಿಗೆ ಜನ ತಡೆದರು, ಆಮೇಲೆ ಶಿಳ್ಳೆ ಶುರುವಾಯಿತು. "ಏಯ್ ಆಪರೇಟರ್, ನಿದ್ದೆ ಹೋದೆಯಾ" ಎಂದು ಯಾರೋ ಕೂಗಿದರು. ಕುರ್ಚಿ ಬಡಿದರು. ಟಾರ್ಚ್ ಮೆಟ್ಟಿಲು ಇಳಿದು ಹೋಗಿ ಕತ್ತಲಲ್ಲಿ, ಸುಮ್ಮನಿರ್ರೋ ಎಂದು ತನ್ನ ಜೀವಮಾನದಲ್ಲಿ ಮೊದಲ ಸಲ ಜನರ ಮೇಲೆ ರೇಗಿದ.

ಅವಳು ಅಂಗೈಯ ಮೇಲಿದ್ದಳು. ಅಷ್ಟು ಹತ್ತಿರದಲ್ಲಿ ಚಿತ್ರ ಮೂಡುವುದಿಲ್ಲ ಎಂದು ಆಪರೇಟರಿಗೆ ಗೊತ್ತು. ಮುಖವಿಲ್ಲ, ಬಟ್ಟಲಿಲ್ಲ, ಬರೀ ಬೆಳಕು. ಖಾಕಿಯ ಮಸುಕು ಬೆರಳುಗಳ ನಡುವೆ ಅಲುಗಾಡಿತು. ಬಟ್ಟಲು ಜಾರಿದಾಗ ಒಂದು ಬಿಳಿ ಹೊಳಪು ಹಸ್ತದ ಗೆರೆಗಳನ್ನು ದಾಟಿ ಹೋಯಿತು. ಈಗ ಅವಳು ಕ್ಯಾಮೆರಾ ನೋಡುತ್ತಾಳೆ. ಈಗ ಹೇಳುತ್ತಾಳೆ. ಅವನಿಗೆ ಎಲ್ಲ ಬಾಯಿಪಾಠ. ಅವಳು ಹೇಳಿ ಮುಗಿಸುವವರೆಗೂ ಕೈ ತೆಗೆಯಲಿಲ್ಲ.

ತೆಗೆದಾಗ ಪರದೆಯ ಮೇಲೆ ನಾಯಕ ಒಬ್ಬನೇ ಸೋಫಾದಲ್ಲಿ ನಗುತ್ತಿದ್ದ. ಯಾವುದಕ್ಕೆ ನಗುತ್ತಿದ್ದಾನೆಂದು ತಿಳಿಯದೆ ಮಂದಿರ ಸುಮ್ಮನಿತ್ತು. ಮಗಳು ಅಪ್ಪನ ಆ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು. ಅದು ಇನ್ನೂ ಬೆಚ್ಚಗಿತ್ತು.